ಅಪ್ಪ ಹೊಸ ಮಣ್ಣು ತುಳಿಯಲ್ಲ

ಅರಸೀಕೆರೆ_ಹುಡುಗ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ಮಾಜಿ ಸೈನಿಕ. ಇನ್ಫೆಂಟ್ರಿ. 1983ರಲ್ಲಿ ಸೇರಿ 2000ದಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದ್ರು. ಶ್ರೀಲಂಕಾದಲ್ಲಿ ಒಂದೂವರೆ ವರ್ಷ ಇದ್ರು, ಆಮೇಲೆ ಕಾಶ್ಮೀರಕ್ಕೆ ಎರಡು ಸಲ ಹೋಗಿ ಬಂದ್ರು. ಊರಿಗೆ ಬಂದು 25 ವರ್ಷ ಆಯ್ತು, ತೆಂಗಿನ ತೋಟ, ಎರಡು ಹಸು, ಡೈರಿಗೆ ಹಾಲು ಹಾಕೋದು, ಯಾರ ತಂಟೆಗೂ ಹೋಗೋರಲ್ಲ. ಮಾತು ಕಮ್ಮಿ ಅಷ್ಟೇ ಅಂದ್ಕೊಂಡಿದ್ವಿ.

ಎರಡು ತಿಂಗಳ ಹಿಂದೆ ಜಲಜೀವನ್ ಪೈಪಿಗೆ ಅಂತ ನಮ್ಮ ಬೀದಿ ಅಗೆದ್ರು. ಪೈಪ್ ಹಾಕಿ ಮಣ್ಣು ಮುಚ್ಚಿ ಹೋದೋರು ಕಾಂಕ್ರೀಟ್ ಹಾಕೋಕೆ ಇನ್ನೂ ಬಂದಿಲ್ಲ. ಮನೆ ಮುಂದೆ ಉದ್ದಕ್ಕೂ ಒಂದೂವರೆ ಅಡಿ ಅಗಲದ ಕೆಂಪು ಮಣ್ಣಿನ ಪಟ್ಟಿ. ಅಪ್ಪ ಅದನ್ನ ದಾಟಲ್ಲ. ಹಿತ್ತಲಿಂದ ಹೊರಟು ಪಕ್ಕದ ಮನೆ ಕೊಟ್ಟಿಗೆ ಹಾದು ದೇವಸ್ಥಾನದ ಸಿಮೆಂಟ್ ರೋಡ್ ಹಿಡಿದು ಡೈರಿಗೆ ಹೋಗ್ತಾರೆ, ಐವತ್ತು ಹೆಜ್ಜೆ ದಾರಿಗೆ ಅರ್ಧ ಕಿಲೋಮೀಟರ್. ಕೇಳಿದ್ರೆ ಕೆಸರು ಅಂತಾರೆ. ಕೆಸರು ಎಲ್ಲಿದೆ, ಮಳೆನೇ ಬಂದಿಲ್ಲ.

ಮೊನ್ನೆ ಭಾನುವಾರ ನನ್ನ ಮಗ (5 ವರ್ಷ) ಆ ಮಣ್ಣಲ್ಲಿ ಕೂತು ತೆಂಗಿನ ಚಿಪ್ಪಲ್ಲಿ ಇಡ್ಲಿ ಮಾಡ್ತಾ ಆಡ್ತಿದ್ದ. ಅಪ್ಪ ಜಗುಲಿ ಮೇಲಿಂದ ನೋಡಿದ್ರು. ಕೂಗಲಿಲ್ಲ, ಓಡಲಿಲ್ಲ. ಮೆಲ್ಲಗೆ ಇಳಿದು ಹೊಟ್ಟೆ ಮೇಲೆ ಮಲಗಿ, ಕೈಲಿದ್ದ ಹಸು ಹೊಡೆಯೋ ಕೋಲನ್ನ ಓರೆಯಾಗಿ ಹಿಡ್ಕೊಂಡು ನೆಲ ಚುಚ್ಚಿ ಚುಚ್ಚಿ ನೋಡ್ತಾ ಒಂದೊಂದೇ ಗೇಣು ತೆವಳ್ಕೊಂಡು ಅವನ ಹತ್ರ ಹೋದ್ರು. "ಅಲ್ಲಾಡ್ಬೇಡ ಮಗಾ, ಅಲ್ಲಾಡ್ಬೇಡ" ಅಂತ ಪಿಸುಗುಟ್ತಾ ಇದ್ರು. ಅಂಗಿ ಪೂರ್ತಿ ಬೆವರು. ಮಗನ್ನ ಎತ್ಕೊಂಡು ಬಂದ ದಾರಿಲೇ, ತಮ್ಮದೇ ಗುರುತಿನ ಮೇಲೆ ಕಾಲಿಟ್ಟು ವಾಪಸ್ ಬಂದ್ರು. ಎದುರು ಮನೆ ಹುಡುಗರು ವಿಡಿಯೋ ಮಾಡ್ಕೊಂಡು ನಗ್ತಿದ್ರು. ಅಪ್ಪ ಸಂಜೆವರೆಗೂ ಕೊಟ್ಟಿಗೇಲಿ ಹಸು ಪಕ್ಕ ಕೂತಿದ್ರು, ಊಟ ಮಾಡಲಿಲ್ಲ.

ಡಾಕ್ಟರ್ ಹತ್ರ ಹೋಗೋಣ ಅಂದ್ರೆ "ನಂಗೇನ್ ಹುಚ್ಚು ಹಿಡಿದಿದ್ಯಾ" ಅಂತ ಎದ್ದು ಹೋಗ್ತಾರೆ. ಇಷ್ಟು ವರ್ಷ ಆದ್ಮೇಲೆ ಹೀಗಾಗುತ್ತಾ? ಯಾರಿಗಾದ್ರೂ ಮನೇಲಿ ಅನುಭವ ಇದ್ರೆ ಹೇಳಿ.

ಸುಬ್ಬು_ತುಮಕೂರು
ಆ ವಿಡಿಯೋ ಮಾಡಿದ ಹುಡುಗರ ಹತ್ರ ಹೋಗಿ ಮೊದ್ಲು ಅದನ್ನ ಡಿಲೀಟ್ ಮಾಡ್ಸಿ. ಉಳಿದಿದ್ದು ಆಮೇಲೆ.

ಮಾಜಿ_ಸ್ಯಾಪರ್
ತಮ್ಮಾ, ನಾನು ಎಂಇಜಿ, ಸೇನೆಯ ಎಂಜಿನಿಯರ್ ದಳ, ಬೆಂಗಳೂರು ಹಲಸೂರು ಕೆರೆ ಪಕ್ಕದ ಸೆಂಟರ್‌ನವನು. ಮದ್ರಾಸ್ ಸ್ಯಾಪರ್ಸ್. ಮೈನ್, ಅಂದ್ರೆ ನೆಲದಲ್ಲಿ ಹೂತಿಟ್ಟ ಬಾಂಬ್, ತೆಗೆಯೋದೇ ನಮ್ಮ ಕೆಲಸ, ಅದಕ್ಕೇ ಹೇಳ್ತೀನಿ. ನಿಮ್ಮಪ್ಪ ಮಾಡಿದ್ದು ಹುಚ್ಚಲ್ಲ. ಅದು ಡ್ರಿಲ್ಲು. ಪ್ರಾಡಿಂಗ್ ಅಂತೀವಿ. ಹೊಟ್ಟೆ ಮೇಲೆ ಮಲಗಬೇಕು, ಬಯೊನೆಟ್ಟೋ ಕಬ್ಬಿಣದ ಸರಳೋ 30 ಡಿಗ್ರಿ ಓರೆಯಾಗಿ ಚುಚ್ಚಬೇಕು, ಯಾಕಂದ್ರೆ ನೆಟ್ಟಗೆ ಚುಚ್ಚಿದ್ರೆ ಮೈನಿನ ಮೇಲ್ಭಾಗಕ್ಕೆ ಒತ್ತಡ ಬಿದ್ದು ಸಿಡಿಯುತ್ತೆ, ಓರೆಯಾಗಿ ಚುಚ್ಚಿದ್ರೆ ಪಕ್ಕಕ್ಕೆ ತಾಗುತ್ತೆ. ಬಂದ ಹೆಜ್ಜೆ ಮೇಲೇ ವಾಪಸ್ ಹೋಗಬೇಕು. 61 ವಯಸ್ಸಿನ ಮನುಷ್ಯ ಇದೊಂದನ್ನೂ ತಪ್ಪಿಲ್ಲ. ಅವರ ಮಟ್ಟಿಗೆ ಮೊಮ್ಮಗ ಮೈನ್ ಫೀಲ್ಡಲ್ಲಿ ಕೂತಿದ್ದ, ಅವರು ಹೋಗಿ ಉಳಿಸ್ಕೊಂಡು ಬಂದ್ರು. ನಗೋರಿಗೆ ಇದು ಹೇಳಿ.

ಶ್ರೀಲಂಕಾದಲ್ಲಿ ನಮ್ಮವರನ್ನ ಗುಂಡಿನಷ್ಟೇ ತಿಂದಿದ್ದು ನೆಲ. ಎಲ್‌ಟಿಟಿಇಯವರು (ಅಲ್ಲಿನ ತಮಿಳು ಬಂಡುಕೋರರು) ರಸ್ತೆ ಅಗೆದು ಮಡಿಕೆ, ಡಬ್ಬ, ಏನು ಸಿಕ್ಕಿತೋ ಅದ್ರಲ್ಲಿ ಸ್ಫೋಟಕ ತುಂಬಿ ಹೂತು ಮೇಲೆ ಮಣ್ಣು ಎಳೆದುಬಿಡೋರು. ಜಾಫ್ನಾ ಕಡೆ ಮಣ್ಣು ಕೂಡ ನಿಮ್ಮ ಅರಸೀಕೆರೆ ಥರ ಕೆಂಪು. ಮಣ್ಣು ಹೊಸದಾಗಿ ಕೆದರಿದೆ ಅಂತ ಕಂಡ್ರೆ ಇಡೀ ಪ್ಲಟೂನ್ ನಿಂತುಬಿಡೋದು. ಆ ಕಣ್ಣು ಇದ್ದೋರು ಬದುಕಿ ಬಂದ್ರು. ಈಗ ಆ ಕಣ್ಣನ್ನ ಕಿತ್ತು ಬಿಸಾಕು ಅಂದ್ರೆ ಹೇಗೆ ಬಿಸಾಕ್ತಾರೆ ಹೇಳಿ.

ಸೀದಾ_ಮಾತು
ಬೇಜಾರು ಮಾಡ್ಕೋಬೇಡಿ ಆದ್ರೆ ಕೇಳ್ತೀನಿ. ನಮ್ಮ ದೊಡ್ಡಪ್ಪ 71ರ ಯುದ್ಧ ಮಾಡಿದೋರು, ಬಾಂಗ್ಲಾ ಬಾರ್ಡರ್. ಅವರಿಗೆ ಇದ್ಯಾವುದೂ ಇರಲಿಲ್ಲ. ಬಂದ್ರು, ಹೊಲ ಉತ್ರು, ಮಕ್ಕಳ ಮದುವೆ ಮಾಡಿದ್ರು. ಈಗ ಎಲ್ಲಕ್ಕೂ ಟ್ರಾಮಾ, ಡಿಪ್ರೆಶನ್ ಅಂತ ಹೆಸರು ಬಂದಿದೆ. ಹೆಸರಿಟ್ಟ ಮೇಲೆ ಕಾಯಿಲೆ ದೊಡ್ಡದಾಗುತ್ತೆ. ಸುಮ್ನೆ ಬಿಟ್ಟುಬಿಡಿ, ಕಾಂಕ್ರೀಟ್ ಹಾಕಿದ್ಮೇಲೆ ಸರಿ ಹೋಗ್ತಾರೆ.

ಕಮಲಾ_ಎಚ್
ಕಾಂಕ್ರೀಟ್ ಹಾಕಿದ್ರೆ ರೋಡ್ ಸರಿ ಹೋಗುತ್ತೆ. ಅವರು ಕೊಟ್ಟಿಗೇಲಿ ಊಟ ಬಿಟ್ಟು ಕೂತಿದ್ದು ಸರಿ ಹೋಗುತ್ತಾ?

ವಾರ್ಡ್_ಸಿಸ್ಟರ್
ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ 14 ವರ್ಷದಿಂದ ನರ್ಸ್. @ಸೀದಾ_ಮಾತು ಅವ್ರೇ, ಹೆಸರು ಹೊಸದು, ಕಾಯಿಲೆ ಹಳೇದು. ಮೊದಲನೇ ಮಹಾಯುದ್ಧದಲ್ಲೇ 1915ರಲ್ಲಿ ಡಾಕ್ಟರ್‌ಗಳು ಇದನ್ನ ಶೆಲ್ ಶಾಕ್ ಅಂತ ಬರೆದ್ರು. ಪಿಟಿಎಸ್‌ಡಿ (ಆಘಾತದ ನಂತರ ಕಾಡೋ ಮಾನಸಿಕ ಕಾಯಿಲೆ) ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಗೆ ಬಂದಿದ್ದು 1980ರಲ್ಲಿ, ವಿಯೆಟ್ನಾಂಗೆ ಹೋಗಿ ಬಂದ ಸೈನಿಕರು ಹೋರಾಟ ಮಾಡಿದ ಮೇಲೆ. ಅದಕ್ಕೂ ಮೊದಲು ಇದು ಇರಲಿಲ್ಲ ಅಂತಲ್ಲ, ಮನೆಯೊಳಗೇ ಮುಚ್ಕೊಂಡು ಇದ್ರು.

ಮೂಲ ಪ್ರಶ್ನೆಗೆ. ಹೌದು, ಎಷ್ಟೋ ವರ್ಷ ಆದ್ಮೇಲೂ ಆಗುತ್ತೆ. ದಿನಾ ಕೆಲಸ, ಮಕ್ಕಳು, ಜವಾಬ್ದಾರಿ ಅಂತ ಇರೋವರೆಗೂ ಒಳಗೆ ತಳ್ಕೊಂಡು ಇರ್ತಾರೆ. ಒಂದು ವಾಸನೆ, ಒಂದು ಶಬ್ದ, ನಿಮ್ಮನೇಲಿ ಒಂದು ಪಟ್ಟಿ ಮಣ್ಣು, ಅಷ್ಟು ಸಾಕು ಕದ ತೆರ್ಕೊಳ್ಳೋಕೆ. ನೆನಪಾಯ್ತು ಅನ್ನೋ ಥರ ಅಲ್ಲ ಅದು, ಆ ಹೊತ್ತಿಗೆ ಅವರು ಅಲ್ಲೇ ಇರ್ತಾರೆ.

ಈಗ ಮಾಡಬೇಕಾದ್ದು. ನಿದ್ದೆ ಹೇಗಿದೆ, ಕುಡಿತ ಇದೆಯಾ, ಬದುಕಿದ್ದೇನು ಪ್ರಯೋಜನ ಅನ್ನೋ ಮಾತು ಏನಾದ್ರೂ ಬಂದಿದ್ಯಾ ಅಂತ ಗಮನಿಸಿ. ಆ ಕೊನೆಯದು ಬಂದಿದ್ರೆ ಒಂದು ದಿನಾನೂ ಕಾಯ್ಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. 2022ರಲ್ಲಿ ಶುರುವಾಯ್ತು, ನಮ್ಮ ನಿಮ್ಹಾನ್ಸೇ ಇದಕ್ಕೆ ಮುಖ್ಯ ಕೇಂದ್ರ. ನಿಮ್ಮಪ್ಪ ಮಾತಾಡದಿದ್ರೂ ಮನೆಯವರು ನೀವೇ ಮಾಡಬಹುದು. ಮತ್ತೆ ದಯವಿಟ್ಟು ಮೆಡಿಕಲ್ ಶಾಪಲ್ಲಿ ಕೇಳಿ ನಿದ್ದೆ ಮಾತ್ರೆ ತಂದು ಕೊಡ್ಬೇಡಿ. ಇದಕ್ಕೆ ಅದು ಔಷಧಿ ಅಲ್ಲ, ಚಟ ಅಂಟಿಕೊಂಡ್ರೆ ಅದೇ ಇನ್ನೊಂದು ಕಾಯಿಲೆ.

ಗೌಡ್ರಹಟ್ಟಿ
ನಮ್ ಕಡೆ ಇದಕ್ಕೆ ಭಯ ಬಿದ್ದಿದೆ ಅಂತಾರೆ. ಒಂದು ಅಂತ್ರ ಕಟ್ಟಿಸಿ, ಅಮಾವಾಸ್ಯೆಗೆ ಹರಕೆ ತೀರಿಸಿ, ನಮ್ಮ ಮಾವಂಗೆ ಅದ್ರಲ್ಲೇ ವಾಸಿ ಆಯ್ತು.

ವಾರ್ಡ್_ಸಿಸ್ಟರ್
ಕಟ್ಸಿ, ಅದರಿಂದ ಮನೆಯವರಿಗೆ ಧೈರ್ಯ ಬರೋದಾದ್ರೆ ಬೇಡ ಅನ್ನಲ್ಲ. ಆದ್ರೆ ಅಂತ್ರ ಕಟ್ಟಿದ ಕೈ ಹಿಡ್ಕೊಂಡೇ ಆಸ್ಪತ್ರೆಗೂ ಕರ್ಕೊಂಡು ಹೋಗಿ.

ಬೆಳಗಾವಿ_ಅಕ್ಕ
ಇದನ್ನ ಓದಿ ಎದಿ ಧಸಕ್ ಅಂತು. ನಮ್ ಯಜಮಾನ್ರು ಸಿಆರ್‌ಪಿಎಫ್‌ನ್ಯಾಗ ಇದ್ರು, ಛತ್ತೀಸಗಡದಾಗ ಡ್ಯೂಟಿ. 2010ರ ಏಪ್ರಿಲ್ 6ಕ್ಕ ದಂತೇವಾಡದಾಗ ನಕ್ಸಲರ ದಾಳ್ಯಾಗ 76 ಮಂದಿ ಸತ್ತ್ರಲ್ಲ, ಅವತ್ತ ಇವರು ಬ್ಯಾರೆ ಕ್ಯಾಂಪಿನ್ಯಾಗ ಇದ್ರು, ಮರುದಿನ ಹೆಣಾ ಎತ್ತಾಕ ಹೋಗಿದ್ದ ಮಂದ್ಯಾಗ ಇವರೂ ಇದ್ರು. ಜ್ವಾಳದ ರೊಟ್ಟಿ ಬಡಿಯೋ ಸಪ್ಪಳಕ್ಕ ಎದ್ದ ನಿಂದರ್ತಿದ್ರು. ನಾ ರೊಟ್ಟಿ ಬಡಿಯೂದು ಬಿಟ್ಟು ಲಟ್ಟಿಸಾಕ ಚಾಲು ಮಾಡಿದ್ನಿ. ನಮ್ಮತ್ತಿ ಬೈದ್ರು, ಚಪಾತಿ ಹಂಗ ಲಟ್ಟಿಸಿದ್ರ ಅದು ರೊಟ್ಟಿ ಹೆಂಗ ಆಕ್ಕೇತಿ ಅಂತ. ನಾ ಏನ ಹೇಳ್ಲಿ. ಮೂರ ವರ್ಷ ಲಟ್ಟಿಸಿದ ರೊಟ್ಟಿನ ಉಂಡ್ವಿ.

ಆಮ್ಯಾಲ ಧಾರವಾಡಕ್ಕ ಕರಕೊಂಡ ಹೋಗಿ ತೋರಿಸಿದ್ನಿ. ವಾರಕ್ಕೊಮ್ಮಿ ಕುಂದ್ರಿಸಿ ಅವತ್ತಿನ ದಿನಾ ಮತ್ತ ಮತ್ತ ಹೇಳಸ್ತಿದ್ರು, ಬರಸ್ತಿದ್ರು. ಮೊದಲ ನಾಕ ವಾರ ಭಾಳ ಖರಾಬ ಆತು, ಮನಿಗೆ ಬಂದು ಗ್ವಾಡಿಗಿ ಹಣಿ ಹಚಗೊಂಡ ಕುಂದರತಿದ್ರು. ಬಿಡಿಸಿಬಿಡೋಣು ಅನಸ್ತಿತ್ತು. ಬಿಡಲಿಲ್ಲ. ಈಗ ನಾ ರೊಟ್ಟಿ ಬಡೀತೀನ್ರಿ. ಒಳಗ ಕುಂತು ಟಿವಿ ನೋಡ್ತಾರ. ಒಮ್ಮೊಮ್ಮಿ ಇನ್ನೂ ಎದ್ದು ಹೊರಗ ಹೋಗ್ತಾರ, ಸುಳ್ಳ ಯಾಕ ಹೇಳ್ಲಿ.

ನಿಶಾಂತ್_99
ಅಕ್ಕಾ ಗೌರವ ಇದೆ, ಆದ್ರೆ ಇಲ್ಲಿ ಮಿಲಿಟರಿ ವಿಷಯ ಮಾತಾಡ್ತಿರೋದು, ಸಿಆರ್‌ಪಿಎಫ್ ಪೊಲೀಸ್ ಅಲ್ವಾ?

ಮಾಜಿ_ಸ್ಯಾಪರ್
@ನಿಶಾಂತ್_99 ಕಾಗದದಲ್ಲಿ ಗೃಹ ಇಲಾಖೆ ಕೆಳಗೆ ಬರುತ್ತೆ, ಸರಿ. ಕಾಲ ಕೆಳಗೆ ಸಿಡಿಯೋ ಬಾಂಬ್ ಇಲಾಖೆ ನೋಡಿ ಸಿಡಿಯಲ್ಲ. ಅದೂ ಅಲ್ದೆ ನಮಗೆ ಇಸಿಎಚ್‌ಎಸ್ ಅನ್ನೋ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ, ಮಿಲಿಟರಿ ಆಸ್ಪತ್ರೆ ಇದೆ. 2004ರ ನಂತರ ಸೇರಿದ ಸಿಆರ್‌ಪಿಎಫ್ ಹುಡುಗರು ಹಳೇ ಪೆನ್ಷನ್‌ಗೇ ಕೋರ್ಟ್ ಅಲೀತಿದಾರೆ. ಅಕ್ಕ ಒಬ್ಬಳೇ ಧಾರವಾಡಕ್ಕೆ ಓಡಾಡಿ ಗಂಡನ್ನ ಉಳಿಸ್ಕೊಂಡಿದಾಳೆ, ಅದಕ್ಕೆ ನನ್ನದೊಂದು ಸೆಲ್ಯೂಟ್.

ನಿಶಾಂತ್_99
ತಪ್ಪಾಯ್ತು ಅಕ್ಕ. ಗೊತ್ತಿಲ್ದೆ ಬರೆದೆ.

ಬೆಳಗಾವಿ_ಅಕ್ಕ
ಇರ್ಲಿ ಬಿಡಪ್ಪಾ.

ಹಳೇ_ಫೈಲು
ಮಿಲಿಟರಿ ಆಫೀಸಲ್ಲಿ ಕ್ಲರ್ಕ್ ಆಗಿ 20 ವರ್ಷ ಮೆಡಿಕಲ್ ಪೇಪರ್ ನೋಡಿದೀನಿ. ಇವರು ಡಾಕ್ಟರ್ ಹತ್ರ ಹೋಗಲ್ಲ ಅಂತಾರಲ್ಲ, ಅದಕ್ಕೆ ಬರೀ ಮರ್ಯಾದೆ ಪ್ರಶ್ನೆ ಕಾರಣ ಅಲ್ಲ. ಸೇನೆಯಲ್ಲಿ ಶೇಪ್ ಅಂತ ಮೆಡಿಕಲ್ ಗ್ರೇಡಿಂಗ್ ಇದೆ, ಐದು ಅಕ್ಷರ, ಅದ್ರಲ್ಲಿ ಮೊದಲನೇ ಎಸ್ ಅಂದ್ರೇನೇ ಮನಸ್ಸು. ಎಸ್ ಒಂದರಿಂದ ಕೆಳಗಿಳಿದ್ರೆ ಲೋ ಮೆಡಿಕಲ್ ಕೆಟಗರಿ. ಪ್ರಮೋಷನ್‌ಗೆ ಕುತ್ತು, ಕೋರ್ಸ್‌ಗೆ ಕುತ್ತು, ಕೈಗೆ ಆಯುಧ ಕೊಡಬೇಕೋ ಬೇಡ್ವೋ ಅನ್ನೋ ಪ್ರಶ್ನೆ. ಕಾಲು ಮುರಿದೋನಿಗೆ ಕಂಪನಿಯೆಲ್ಲ ಹಣ್ಣು ತಗೊಂಡು ಹೋಗುತ್ತೆ, ಎಸ್ ಕೆಟಗರಿ ಆದೋನ ಹಾಸಿಗೆ ಹತ್ರ ಹೋಗೋಕೆ ಹಿಂದೆ ಮುಂದೆ ನೋಡ್ತಾರೆ. ಆ ಹೆದರಿಕೆ 17 ವರ್ಷ ಮೈಗೆ ಹತ್ತಿದ ಮೇಲೆ ಪೆನ್ಷನ್ ಬಂದ್ರೂ ಬಿಡಲ್ಲ. ನಿಮ್ಮಪ್ಪಂಗೆ ಇದನ್ನ ಬಾಯಿಬಿಟ್ಟು ಹೇಳಿ, "ಈಗ ಯಾರೂ ನಿಮ್ಮ ಕೆಟಗರಿ ಇಳಿಸಲ್ಲ ಅಪ್ಪ, ಪೆನ್ಷನ್‌ಗೆ ಏನೂ ಆಗಲ್ಲ" ಅಂತ. ಎಷ್ಟೋ ಜನ ಪೆನ್ಷನ್ ನಿಂತುಹೋಗುತ್ತೆ ಅಂತಲೇ ನಂಬಿಕೊಂಡಿದಾರೆ.

ಇನ್ನೊಂದು. ಸೇವೆಯಲ್ಲಿ ಇದ್ದಾಗಲೇ ಇಂಥ ತೊಂದರೆ ಬಂದು ಮನೆಗೆ ಕಳಿಸಿದ್ರೆ ಡಿಸೆಬಿಲಿಟಿ ಪೆನ್ಷನ್ ಹಕ್ಕಿದೆ. ಮೊದಲು "ಇದು ಸೇವೆಯಿಂದ ಬಂದಿದ್ದಲ್ಲ, ಹುಟ್ಟಿನಿಂದ ಬಂದಿದ್ದು" ಅಂತ ಬರೆದು ತಳ್ಳಿಹಾಕೋರು. ಧರಮವೀರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದು, ಸೇರುವಾಗ ಮೆಡಿಕಲ್ ಪಾಸ್ ಮಾಡಿ ತಗೊಂಡಿದೀರಿ, ಆಗ ಕಾಯಿಲೆ ಬರೆದಿಲ್ಲ ಅಂದ್ಮೇಲೆ ಸೇವೆಯಿಂದಲೇ ಬಂತು ಅಂತ ತಿಳ್ಕೋಬೇಕು, ಅಲ್ಲ ಅಂತ ತೋರಿಸೋ ಹೊಣೆ ಸರ್ಕಾರದ್ದು. ಅದು ಮೂರ್ಛೆರೋಗದ ಕೇಸು, ಆದ್ರೆ ಆ ಮಾತು ಬೇರೆ ಕಾಯಿಲೆಯವರಿಗೂ ಉಪಯೋಗಕ್ಕೆ ಬಂತು.

ಓಡು_ಮಗ_ಓಡು
ಅಣ್ಣಂದಿರೇ ನಾನು ಅಗ್ನಿವೀರ್‌ಗೆ ಪ್ರಾಕ್ಟೀಸ್ ಮಾಡ್ತಿದೀನಿ, 1.6 ಕಿಲೋಮೀಟರ್ 5 ನಿಮಿಷ 40 ಸೆಕೆಂಡ್ ಬರ್ತಿದೆ, ಇನ್ನು 10 ಸೆಕೆಂಡ್ ಇಳಿಸ್ಬೇಕು. ಇದೆಲ್ಲ ಓದಿ ಸ್ವಲ್ಪ ಭಯ ಆಯ್ತು ನಿಜ ಹೇಳ್ಬೇಕಂದ್ರೆ. ಸೇರ್ಬೇಕೋ ಬೇಡ್ವೋ.

ಮಾಜಿ_ಸ್ಯಾಪರ್
ಸೇರು. ಓಟಕ್ಕೆ ಬೆಳಿಗ್ಗೆ ಹೊತ್ತು ಏರು ದಾರಿ ಹಿಡಿ, ಸೆಕೆಂಡ್ ತಾನಾಗೇ ಇಳಿಯುತ್ತೆ. ಸೇರಿದ ಮೇಲೆ ಒಂದು ನೆನಪಿಟ್ಕೋ, ಏನಾದ್ರೂ ನೋಡಬಾರದ್ದು ನೋಡಿದ ರಾತ್ರಿ ಒಬ್ಬನೇ ಮಲಗಬೇಡ, ಜೊತೆಯವನ ಹತ್ರ ಮಾತಾಡು, ಅವನೂ ಅದನ್ನೇ ನೋಡಿರ್ತಾನೆ.

ಕಮಲಾ_ಎಚ್
ಸೇರು ಅಂತ ಸುಲಭಕ್ಕೆ ಹೇಳ್ಬಿಟ್ರಿ. ನಾಲ್ಕು ವರ್ಷ ಆದ್ಮೇಲೆ 25 ಪರ್ಸೆಂಟ್ ಬಿಟ್ಟು ಉಳಿದವರು ಮನೆಗೆ. ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಇಲ್ಲ. 23 ವರ್ಷದ ಹುಡುಗ ಬಾರ್ಡರಲ್ಲಿ ಏನೋ ನೋಡ್ಕೊಂಡು ಬಂದು 40ನೇ ವಯಸ್ಸಲ್ಲಿ ಹೀಗೆ ಮಣ್ಣಲ್ಲಿ ತೆವಳಿದ್ರೆ ಅವನನ್ನ ಯಾರು ನೋಡ್ತಾರೆ? ನನ್ನ ತಮ್ಮನೂ ಹೋಗಿದಾನೆ, ಅದಕ್ಕೆ ಕೇಳ್ತಿದೀನಿ.

ಮಾಜಿ_ಸ್ಯಾಪರ್
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ತಾಯಿ.

ಕಾಫಿತೋಟ
ಕೊಡಗಿಂದ. ನಮ್ಮ ಕಡೆ ಮನೆಗೊಬ್ಬರು ಪಟ್ಟಾಳದಲ್ಲಿ ಇರ್ತಾರೆ, ಕಾರ್ಯಪ್ಪ, ತಿಮ್ಮಯ್ಯ ಅಂತ ಹೇಳ್ಕೊಂಡೇ ಬೆಳೆಯೋದು. ನನ್ನ ಅಜ್ಜ 62ರ ಚೀನಾ ಯುದ್ಧದಲ್ಲಿ ನೇಫಾದಲ್ಲಿ (ಈಗಿನ ಅರುಣಾಚಲ) ಇದ್ರು. ಕೈಲ್‌ಪೋಳ್ದ್ ಅನ್ನೋ ಆಯುಧದ ಹಬ್ಬದ ದಿನ ನಾವು ಕೋವಿಗೆ ತೋಕ್‌ಪೂ ಅನ್ನೋ ಹೂ ಇಟ್ಟು ಪೂಜೆ ಮಾಡ್ತೀವಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಅಜ್ಜ ಪೂಜೆಗೆ ಕೂರೋರು, ಕೋವಿ ಒರೆಸಿ ಎಣ್ಣೆ ಹಾಕಿ ಫಳಫಳ ಅನ್ನಿಸೋರು. ಸ್ಪರ್ಧೆ ಹೊತ್ತಿಗೆ ಎಲ್ಲಿದಾರೆ ಅಂತ ನೋಡಿದ್ರೆ ತೋಟದ ಆ ತುದಿಯಲ್ಲಿ ಮೆಣಸಿನ ಬಳ್ಳಿ ಕಟ್ತಾ ಇರೋರು. ಪ್ರತೀ ವರ್ಷ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ತೀರಿಕೊಂಡು 19 ವರ್ಷ ಆಯ್ತು, ಈ ಚರ್ಚೆ ಓದ್ತಾ ಈಗ ಅರ್ಥ ಆಗ್ತಿದೆ ನಂಗೆ.

ಧಾರವಾಡ_ಪೇಡೆ
2016ರ ಫೆಬ್ರವರಿ ನೆನಪ ಆತು. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ, ಸಿಯಾಚಿನ್‌ನ್ಯಾಗ ಆರ ದಿನ ಹಿಮದ ಬುಡಕ ಜೀವಂತ ಇದ್ದ. ದಿಲ್ಲಿಗೆ ತಂದ್ರು, 11ನೇ ತಾರೀಖು ಹೋಗಿಬಿಟ್ಟ. ಇಡೀ ಕರ್ನಾಟಕ ಅತ್ತಿತ್ತು. ಜೊತಿಗಿದ್ದ ಒಂಬತ್ತ ಮಂದಿನೂ ಉಳೀಲಿಲ್ಲ. ಆದ್ರ ಆ 19 ಸಾವಿರ ಅಡಿ ಮ್ಯಾಲ ಆರ ದಿನ ಹಿಮ ಕಡದು ತಮ್ಮ ಗೆಳ್ಯಾರ ಹೆಣಾ ಒಂದೊಂದ ಹೊರಗ ತಗದ ಹುಡುಗ್ರ ಬಗ್ಗೆ ಯಾರ ಕೇಳಿದ್ರು? ಅವರು ಈಗ ಯಾವ್ಯಾವ ಊರಾಗ ಅದಾರೋ, ಹೆಂಗ ಮಲಗ್ತಾರೋ.

ಅರಸೀಕೆರೆ_ಹುಡುಗ
ಎಲ್ಲ ಓದಿದೆ. ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಸಿಸ್ಟರ್ ಕೇಳಿದ್ದಕ್ಕೆ: ಕುಡಿತ ಇಲ್ಲ. ಸಾಯೋ ಮಾತು ಆಡಿಲ್ಲ. ನಿದ್ದೆ ಕಮ್ಮಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕತ್ತಲಲ್ಲೇ ಜಗುಲಿ ಮೂಲೇಲಿ ಗೇಟ್ ಕಡೆ ಮುಖ ಮಾಡಿ ಕೂರ್ತಾರೆ, ಬೆಳಕಾದ್ಮೇಲೆ ಎದ್ದು ಹಲ್ಲುಜ್ತಾರೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಮತ್ತೆ ಅದೇ ಮೂಲೆ. ನಾವು ಚಿಕ್ಕಂದಿನಿಂದ ನೋಡ್ತಾ ಇದೀವಿ, ಅಭ್ಯಾಸ ಅಂದ್ಕೊಂಡಿದ್ವಿ.

ಮಾಜಿ_ಸ್ಯಾಪರ್
ಸ್ಟ್ಯಾಂಡ್-ಟು. ಹೊತ್ತು ಹುಟ್ಟೋ ಮುಂಚೆ, ಹೊತ್ತು ಮುಳುಗುವಾಗ. ದಾಳಿ ಆಗೋದು ಆ ಹೊತ್ತಲ್ಲೇ ಅಂತ ಇಡೀ ಪೋಸ್ಟ್ ಆಯುಧ ಹಿಡ್ಕೊಂಡು ಕೂರುತ್ತೆ. ನಿಮ್ಮಪ್ಪ 25 ವರ್ಷದಿಂದ ನಿಮ್ಮನೆಗೆ ಸೆಂಟ್ರಿ ಡ್ಯೂಟಿ ಮಾಡ್ತಿದಾರೆ ತಮ್ಮಾ, ರಿಲೀಫ್ ಕೊಡೋರು ಬಂದಿಲ್ಲ.

ಅರಸೀಕೆರೆ_ಹುಡುಗ
ಅಣ್ಣ ಇದನ್ನ ಅಮ್ಮಂಗೆ ಓದಿ ಹೇಳಿದೆ. ಸೆರಗು ಬಾಯಿಗಿಟ್ಕೊಂಡು ಒಳಗೆ ಹೋದ್ರು.

ರಘು_ಕೆ_ಎಂ
ಯಾರಾದ್ರೂ ಹೇಳಿ, ನಾವು ಶ್ರೀಲಂಕಾಗೆ ಹೋಗಿದ್ದು 1986ರಲ್ಲಿ ಅಲ್ವಾ? ಮತ್ತೆ ಅದು ಶಾಂತಿ ಪಡೆ ತಾನೇ, ಯುದ್ಧ ಎಲ್ಲಿ ಆಯ್ತು?

ಹಳೇ_ಫೈಲು
1987. ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಜುಲೈ 29ಕ್ಕೆ, ಅಕ್ಟೋಬರಲ್ಲಿ ಜಾಫ್ನಾಗೆ ನುಗ್ಗಬೇಕಾಯ್ತು. ವಾಪಸ್ ಬಂದಿದ್ದು 1990ರ ಮಾರ್ಚ್. ನಮ್ಮವರು ಸಾವಿರದ ನೂರಕ್ಕಿಂತ ಹೆಚ್ಚು ಜನ ಸತ್ತರು. ಶಾಂತಿ ಪಡೆ ಅನ್ನೋ ಹೆಸರಿಂದಲೇ ನಿಮ್ಮ ಪ್ರಶ್ನೆ ಹುಟ್ಟಿರೋದು, ನಿಮ್ಮ ತಪ್ಪಲ್ಲ. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂದಿದ್ದು ಅಲ್ಲೇ, 1987ರ ನವೆಂಬರ್ 25ರ ಕಾಳಗಕ್ಕೆ. ಶಾಂತಿ ಕಾಯೋಕೆ ಹೋದೋರಿಗೆ ಪರಮವೀರ ಚಕ್ರ ಯಾಕೆ ಬರುತ್ತೆ.

ಕೊನೇ ತುಕಡಿಗಳು ಮದ್ರಾಸ್ ಬಂದರಿಗೆ ಬಂದಾಗ ಆಗಿನ ತಮಿಳುನಾಡು ಮುಖ್ಯಮಂತ್ರಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರನ್ನ ಕೊಂದ ಸೈನ್ಯ ಅನ್ನೋ ಸಿಟ್ಟು ಅಲ್ಲಿ ಇತ್ತು, ಅವರಿಗೆ ಅವರ ಕಾರಣ ಇತ್ತು, ಅದನ್ನ ನಾನು ಇಲ್ಲಿ ವಾದ ಮಾಡಲ್ಲ. ಆದ್ರೆ ಹಡಗಿಂದ ಇಳಿದ ಜವಾನನ್ನ ಯೋಚನೆ ಮಾಡಿ. ಗೆದ್ದೆ ಅಂತ ಹೇಳ್ಕೊಳ್ಳೋ ಹಾಗಿಲ್ಲ, ಸೋತೆ ಅಂತಲೂ ಇಲ್ಲ, ಯಾಕೆ ಹೋಗಿದ್ದೆ ಅಂತ ಊರಲ್ಲಿ ಕೇಳಿದ್ರೆ ಹೇಳೋಕೆ ಒಂದು ಸಾಲು ಇಲ್ಲ. ಕಾರ್ಗಿಲ್‌ಗೆ ಜುಲೈ 26 ಅಂತ ಒಂದು ದಿನ ಇದೆ, ಶಾಲೆ ಮಕ್ಕಳು ಹೂ ಕೊಡ್ತಾರೆ. ಇವರಿಗೆ ಆ ಥರ ದಿನ ಇರಲಿಲ್ಲ. ದಿಲ್ಲಿ ಯುದ್ಧ ಸ್ಮಾರಕದಲ್ಲಿ ಹೆಸರು ಬಂದಿದ್ದೇ 2019ರಲ್ಲಿ, ಅದಕ್ಕೂ ಮೊದಲೇ ಶ್ರೀಲಂಕಾದವರು ಕೊಲಂಬೋ ಹತ್ರ ನಮ್ಮ ಸೈನಿಕರಿಗೆ ಸ್ಮಾರಕ ಕಟ್ಟಿದ್ರು.

ಕೆರೆ_ಏರಿ
ನಮ್ಮೂರ ಕೆರೆ ಏರಿ ಮೇಲೆ ಮೂರು ವೀರಗಲ್ಲಿದೆ. ದನ ಕಾಯೋಕೆ ಹೋಗಿ ಸತ್ತೋನ್ದು, ಹುಲಿ ಜೊತೆ ಹೊಡೆದಾಡಿ ಸತ್ತೋನ್ದು. ಕೆಳಗೆ ಕಾಳಗ, ಮಧ್ಯ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಕೈಲಾಸ. ಅದೇ ಕಾಳಗದಲ್ಲಿ ಗಾಯ ಆಗಿ ಮನೆಗೆ ಬಂದೋನು ಒಬ್ಬ ಇದ್ದಿರ್ಬೇಕಲ್ವಾ, ಅವನ ಕಲ್ಲು ಯಾವ ಊರಲ್ಲೂ ನಾನು ನೋಡಿಲ್ಲ.

ಮಿಲ್ಟ್ರಿ_ಮಗ
ವಿಷಯ ಸ್ವಲ್ಪ ಬೇರೆ. ಕ್ಯಾಂಟೀನ್ ರಮ್ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಮಪ್ಪನ ಔಷಧಿ ಅದೇ ಆಗಿತ್ತು. ತಿಂಗಳ ಕೋಟಾ ಹತ್ತು ದಿನಕ್ಕೆ ಖಾಲಿ, ಆಮೇಲೆ ಪಕ್ಕದೂರಿನ ಮಾಜಿ ಸೈನಿಕರ ಕಾರ್ಡ್ ಇಸ್ಕೊಂಡು ಬರೋರು. ಎರಡು ಪೆಗ್ ಆದ್ಮೇಲೆ ನಿದ್ದೆ ಬರ್ತಿತ್ತು, ರಾತ್ರಿ ಎರಡಕ್ಕೆ ಕಿರುಚಿಕೊಂಡು ಏಳೋರು. ಊರವರಿಗೆಲ್ಲ "ಮಿಲ್ಟ್ರಿಯವ್ರಲ್ವಾ, ಕುಡೀತಾರೆ" ಅನ್ನೋದು ಸಹಜ ಆಗಿಬಿಟ್ಟಿತ್ತು. ಆ ಒಂದು ಮಾತಿನ ಹಿಂದೆ ಎಲ್ಲ ಮುಚ್ಚಿ ಹೋಯ್ತು.

ಸೀದಾ_ಮಾತು
ಎರಡು ದಿನದಿಂದ ಬರೆಯೋದೋ ಬೇಡ್ವೋ ಅಂತ ಇದ್ದೆ. ನಮ್ಮ ದೊಡ್ಡಪ್ಪಂಗೆ ಏನೂ ಇರಲಿಲ್ಲ ಅಂತ ಬರೆದಿದ್ದೆ ಅಲ್ವಾ. ನಿನ್ನೆ ದೊಡ್ಡಮ್ಮಂಗೆ ಫೋನ್ ಮಾಡಿ ಕೇಳಿದೆ. ಅರ್ಧ ಗಂಟೆ ಮಾತಾಡಿದ್ರು, ನಾನು ಇಷ್ಟು ವರ್ಷದಲ್ಲಿ ಕೇಳದೇ ಇದ್ದಿದ್ದು. ದೊಡ್ಡಪ್ಪ ಲಿವರ್ ಹೋಗಿ 54ಕ್ಕೆ ತೀರಿಕೊಂಡಿದ್ದು. ಕುಡಿತ ಶುರು ಆಗಿದ್ದು 72ರಲ್ಲಿ, ಊರಿಗೆ ಬಂದ ವರ್ಷ. ದೊಡ್ಡಮ್ಮ 20 ವರ್ಷ ಬೇರೆ ಕೋಣೇಲಿ ಮಲಗಿದ್ರಂತೆ, ಯಾಕಂದ್ರೆ ನಿದ್ದೆಗಣ್ಣಲ್ಲಿ ಒಂದು ಸಲ ಕತ್ತು ಹಿಡಿದಿದ್ರು. ಬೆಳಿಗ್ಗೆ ಗೊತ್ತಾಗಿ ಕಾಲು ಹಿಡಿದು ಅತ್ತಿದ್ರಂತೆ. ನಾನು ಆ ಮನೇಲಿ ಬೇಸಿಗೆ ರಜೆಯೆಲ್ಲ ಕಳೆದಿದೀನಿ, ಏನೂ ನೋಡಲಿಲ್ಲ. ಮೊದಲು ಬರೆದಿದ್ದಕ್ಕೆ ಕ್ಷಮೆ ಇರಲಿ ಎಲ್ರದ್ದೂ.

ವಾರ್ಡ್_ಸಿಸ್ಟರ್
ನೀವು ದೊಡ್ಡಮ್ಮಂಗೆ ಫೋನ್ ಮಾಡಿದ್ರಲ್ಲ, ಅದು ಸಣ್ಣ ಕೆಲಸ ಅಲ್ಲ. ಅವರನ್ನ ಆಗಾಗ ಮಾತಾಡಿಸ್ತಾ ಇರಿ.

ಅರಸೀಕೆರೆ_ಹುಡುಗ
ಒಂದು ವಿಷಯ ಕೇಳ್ಬೇಕು. ಅಮ್ಮ ಹೇಳಿದ್ರು, ಮೊದಮೊದಲು ರಜೆಗೆ ಬಂದಾಗ ಅಪ್ಪ ನಿದ್ದೆಯಲ್ಲಿ "ನನ್ ಬಡ್ಡಿ ಎಲ್ಲಿ, ನನ್ ಬಡ್ಡಿ ಎಲ್ಲಿ" ಅಂತ ಕನವರಿಸ್ತಿದ್ರಂತೆ. ಅಮ್ಮ ಯಾರಿಗೋ ಸಾಲ ಕೊಟ್ಟು ಬಡ್ಡಿ ಬಂದಿಲ್ಲ ಅಂತ ತಿಳ್ಕೊಂಡು ಎಷ್ಟೋ ವರ್ಷ ಅದೇ ಚಿಂತೆ ಮಾಡಿದಾರೆ. ಏನಿರಬಹುದು?

ಮಾಜಿ_ಸ್ಯಾಪರ್
ಅಯ್ಯೋ ತಾಯಿ. ಬಡ್ಡಿ ಅಂದ್ರೆ ಜೋಡಿ. ಬಡ್ಡಿ ಪೇರ್ ಅಂತ ಇಬ್ಬಿಬ್ಬರನ್ನ ಜೋಡಿ ಹಾಕ್ತಾರೆ ಪಲ್ಟನ್‌ನಲ್ಲಿ. ಒಬ್ಬ ಮಲಗಿದ್ರೆ ಒಬ್ಬ ಎಚ್ಚರ. ಒಂದೇ ಮೆಸ್ ಟಿನ್ನಲ್ಲಿ ಊಟ. ಅವನ ಮನೆ ಕಾಗದ ಇವನು ಓದ್ತಾನೆ. ಹೆಂಡ್ತಿಗೂ ಗೊತ್ತಿಲ್ಲದ್ದು ಬಡ್ಡಿಗೆ ಗೊತ್ತಿರುತ್ತೆ. ನಿಮ್ಮಪ್ಪ ಜೋಡೀನ ಹುಡುಕ್ತಿದ್ರು.

ಅವರ ಬಡ್ಡಿ ಬದುಕಿದಾರಾ? ಹೆಸರು ಇಲ್ಲಿ ಹಾಕ್ಬೇಡಿ. ಡಿಸ್ಚಾರ್ಜ್ ಬುಕ್ಕಲ್ಲಿ ಯೂನಿಟ್ ಇರುತ್ತೆ, ಅದನ್ನ ನನಗೆ ಖಾಸಗಿಯಾಗಿ ಕಳಿಸಿ. ಪ್ರತೀ ಪಲ್ಟನ್‌ನ ಹಳಬರದ್ದು ಒಂದು ವಾಟ್ಸಾಪ್ ಗ್ರೂಪ್ ಇದ್ದೇ ಇದೆ, ಎರಡು ದಿನದಲ್ಲಿ ಹುಡುಕಿಸ್ತೀನಿ.

ಬೆಳಗಾವಿ_ಅಕ್ಕ
ಸಿಗಲಿ ದೇವ್ರೇ.

ಅರಸೀಕೆರೆ_ಹುಡುಗ
ಮೂರು ವಾರ ಆಯ್ತು, ಬರೆಯೋಕೆ ಆಗಿರಲಿಲ್ಲ. ಸಿಕ್ಕಿದ್ರು. ತಿಪಟೂರು ಕಡೆಯ ಹಳ್ಳಿ, ನಮ್ಮಿಂದ ಬಸ್ಸಲ್ಲಿ ಒಂದು ಗಂಟೆ ದಾರಿ ಅಷ್ಟೇ. 25 ವರ್ಷ ಅಷ್ಟು ಹತ್ತಿರ ಇದ್ದು ಇಬ್ರೂ ಒಂದು ಸಲವೂ ಮಾತಾಡಿಲ್ಲ.

ಫೋನ್ ಮಾಡಿಕೊಟ್ಟೆ. ಅಪ್ಪ ಫೋನ್ ಹಿಡ್ಕೊಂಡು ಏನೂ ಮಾತಾಡಲಿಲ್ಲ, ಆ ಕಡೆಯವರೂ ಇಲ್ಲ. ಸುಮಾರು ಹೊತ್ತಾದ್ಮೇಲೆ ಅಪ್ಪ "ಊಟ ಆಯ್ತೇನೋ" ಅಂದ್ರು. ಮರುದಿನ ಬೆಳಿಗ್ಗೆ ಅವರು ಬಸ್ ಹತ್ತಿ ಬಂದೇಬಿಟ್ರು, ಕೈಲಿ ಒಂದು ಗೊನೆ ಬಾಳೆಹಣ್ಣು.

ಅಪ್ಪ ಹಸು ಕರೆಯೋಕೆ ಹೋದಾಗ ಆ ಮಾವ (ಅಪ್ಪನ ಬಡ್ಡಿನ ಹಾಗೇ ಕರೀತೀನಿ) ನನ್ನನ್ನ ತೋಟಕ್ಕೆ ಕರ್ಕೊಂಡು ಹೋಗಿ ಹೇಳಿದ್ರು. ಮೂರು ಜನ ಇದ್ರಂತೆ ಯಾವಾಗ್ಲೂ ಜೊತೆಗೆ, ಇವರಿಬ್ರು, ಇನ್ನೊಬ್ಬ ಸೇಲಂ ಕಡೆಯೋನು. ಗಸ್ತಿಗೆ ಮುಂದೆ ಹೋಗೋ ಸರದಿ ಅವತ್ತು ಅಪ್ಪಂದು. ಅಪ್ಪಂಗೆ ಮಲೇರಿಯಾ ಜ್ವರ. ಸೇಲಂನೋನು "ನೀ ಮಲಗು, ನಾ ಹೋಗ್ತೀನಿ" ಅಂತ ಮುಂದೆ ಹೋದ. ತಾಳೆಮರದ ಸಾಲು, ಒಣಗಿದ ಓಲೆ ಬಿದ್ದಿತ್ತು ದಾರೀಲಿ, ಓಲೆ ಕೆಳಗೆ ಹೊಸ ಮಣ್ಣು. ಈ ಮಾವ ಅವನ ಹಿಂದೆ ಮೂರನೆಯವರು. ಎಡಗಿವಿ ಈಗಲೂ ಕೇಳಲ್ಲ ಅವರಿಗೆ. ಕ್ಯಾಂಪಿಗೆ ವಾಪಸ್ ಬಂದಾಗ ಅಪ್ಪ ಜ್ವರದಲ್ಲೇ ಎದ್ದು ಕೂತು ಅವನ ಮೆಸ್ ಟಿನ್ ತೊಳೀತಾ ಇದ್ರಂತೆ. ಆಮೇಲೆ ಇಬ್ರೂ ಆ ವಿಷಯ ಎತ್ತಲಿಲ್ಲ, ಒಬ್ಬರ ಮುಖ ಒಬ್ಬರು ನೋಡೋಕಾಗದೇ ಪೆನ್ಷನ್ ಬಂದ್ಮೇಲೆ ಹುಡುಕಲೂ ಇಲ್ಲ. "ನಿಮ್ಮಪ್ಪ ನನ್ನ ಮೇಲೆ ಸಿಟ್ಟಾಗಿದಾನೆ ಅಂತ ನಾನು, ನಾನು ಸಿಟ್ಟಾಗಿದೀನಿ ಅಂತ ಅವನು" ಅಂದ್ರು.

ಸಾಯಂಕಾಲ ಡೈರಿಗೆ ಹೊರಟ್ರು ಇಬ್ರೂ. ಮುಂದಿನ ಬಾಗಿಲಿಂದ. ಮಾವ ಮಣ್ಣಿನ ಪಟ್ಟಿ ಹತ್ರ ನಿಂತು ಏನೂ ಹೇಳದೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗಟ್ಟಿಯಾಗಿ ಒತ್ತಿ ಹೆಜ್ಜೆ ಇಟ್ಟು ಆ ಕಡೆ ಹೋಗಿ ನಿಂತ್ರು. ಮಣ್ಣಲ್ಲಿ ಐದೂ ಬೆರಳಿನ ಗುರುತು ಮೂಡಿತ್ತು. ಅಪ್ಪ ಹಾಲಿನ ಕ್ಯಾನ್ ಹಿಡ್ಕೊಂಡು ಎಷ್ಟೋ ಹೊತ್ತು ನಿಂತಿದ್ರು. ಆಮೇಲೆ ಆ ಗುರುತಿನ ಮೇಲೇ ಕಾಲಿಟ್ಟು ದಾಟಿದ್ರು. ನಾನು ಜಗುಲಿ ಮೇಲೆ ಕಂಬ ಹಿಡ್ಕೊಂಡು ನಿಂತಿದ್ದೆ.

ವಾಪಸ್ ಬರುವಾಗ ಮಾತ್ರ ದೇವಸ್ಥಾನದ ದಾರೀಲೇ ಬಂದ್ರು. ಮರುದಿನವೂ ಹಿತ್ತಲಿಂದಲೇ ಹೋದ್ರು. ಆದ್ರೆ ಆಸ್ಪತ್ರೆಗೆ ಒಪ್ಪಿದಾರೆ, ಮಾವನೂ ಬಂದ್ರೆ ಬರ್ತೀನಿ ಅಂದ್ರು. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಬರ್ತಾರೆ, ಮೊದಲು ಅಲ್ಲಿಗೆ.

ವಾರ್ಡ್_ಸಿಸ್ಟರ್
ಒಳ್ಳೇದು. ಮನೋಚೈತನ್ಯ ಕಾರ್ಯಕ್ರಮದ ಕ್ಲಿನಿಕ್ ಇರಬೇಕು ಅದು. ಮೊದಲ ಸಲವೇ ಎಲ್ಲ ಹೇಳಬೇಕು ಅಂತ ಒತ್ತಾಯ ಮಾಡ್ಬೇಡಿ, ಬರೀ ನಿದ್ದೆ ವಿಷಯ ಹೇಳಿದ್ರೂ ಸಾಕು. ಮಾವನ್ನೂ ತೋರಿಸಿ. ಅವರಿಗೂ ಬೇಕು ಅದು.

ಮಾಜಿ_ಸ್ಯಾಪರ್
ಆ ಮಾವನ ನಂಬರಿಂದ ನಿನ್ನೆ ರಾತ್ರಿ ನಂಗೆ ಫೋನ್ ಬಂತು. ಸೇಲಂ ಮನೆ ಹುಡುಕಿಕೊಡ್ತೀರಾ ಅಂತ ಕೇಳಿದ್ರು. ಹುಡುಕ್ತಿದೀನಿ.

ಸೀದಾ_ಮಾತು
ಮೂರು ಜನ ಹೋಗೋದಾದ್ರೆ ಕಾರ್ ನಂದಿದೆ, ನಾನೇ ಓಡಿಸ್ತೀನಿ. ಅರಸೀಕೆರೆಯಿಂದ ಬೆಳಿಗ್ಗೆ ಬೇಗ ಬಿಟ್ರೆ ಮಧ್ಯಾಹ್ನಕ್ಕೆ ಸೇಲಂ.

ಬೆಳಗಾವಿ_ಅಕ್ಕ
ಅವತ್ತ ಆ ಮಾವ ಹೊತ್ತ ಮುಳಗೂದ್ರಾಗ ಮನಿ ಮುಟ್ಟಿದ್ರೇನ್ರಿ?

ಅರಸೀಕೆರೆ_ಹುಡುಗ
ಮುಟ್ಟಿದ್ರು ಅಕ್ಕ. ಲಾಸ್ಟ್ ಬಸ್ಸಿಗೆ ಹತ್ತಿಸಿದ್ದೆ. ಒಂದು ಗಂಟೆ ದಾರಿಗೆ ಅಪ್ಪ ನಾಲ್ಕು ಸಲ ಫೋನ್ ಮಾಡಿದ್ರು, ಎಲ್ಲಿದ್ದೀಯೋ ಎಲ್ಲಿದ್ದೀಯೋ ಅಂತ.